ಜಕ್ಕವಕ್ಕಿಯ ಊರಿನಲ್ಲಿ

ಹಕ್ಕಿಗಳನ್ನು ನೋಡುವುದಕ್ಕೆಂದೇ ಊರು ಬಿಟ್ಟು ಹೊರಡುವವರನ್ನು ಕಂಡು ಮುಗುಳ್ನಗುವ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಕಾಗೆ ಪಾರಿವಾಳಗಳು ಮನೆಯ ಮಾಡಿನ ಮೇಲೆಯೇ ಕುಳಿತಿರುವಾಗ, ಹಗಲೂ ಇರುಳೂ ರೈಲಿನಲ್ಲಿ ಮೈ ನೋಯಿಸಿಕೊಂಡು ಹೋಗಿ ನೋಡತಕ್ಕ ಹಕ್ಕಿ ಯಾವುದು ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ನನ್ನಲ್ಲಿರುವುದು ಕನ್ನಡ ಪಾಠ ಹೇಳುವವನ ಉತ್ತರ.

ನಮ್ಮ ಹಳೆಯ ಕಾವ್ಯಗಳನ್ನು ಓದಿದವರಿಗೆಲ್ಲ ಜಕ್ಕವಕ್ಕಿಯ ಪರಿಚಯವುಂಟು. ಸಂಸ್ಕೃತದ ಚಕ್ರವಾಕವೇ ಕನ್ನಡದ ನೀರಿನಲ್ಲಿ ಮಿಂದು ಜಕ್ಕವಕ್ಕಿಯಾಯಿತು. ಸೂರ್ಯಾಸ್ತದ ವರ್ಣನೆ ಬಂದಿತೆಂದರೆ ತಾವರೆ ಮುಚ್ಚಬೇಕು, ನೈದಿಲೆ ಬಿರಿಯಬೇಕು, ಜಕ್ಕವಕ್ಕಿಗಳ ಜೋಡಿ ಅಗಲಿ ಕೊಳದ ಒಂದೊಂದು ದಡದಲ್ಲಿ ಕುಳಿತು ಬೆಳಗಾಗುವವರೆಗೆ ಗೋಳಿಡಬೇಕು. ತಾವರೆಯನ್ನೂ ನೈದಿಲೆಯನ್ನೂ ವಿದ್ಯಾರ್ಥಿಗಳಿಗೆ ಹೇಗಾದರೂ ತೋರಿಸಬಹುದು. ಜಕ್ಕವಕ್ಕಿಯನ್ನು ತೋರಿಸುವುದೆಲ್ಲಿ? ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಕೆಲವು ಜಲಾಶಯಗಳಿಗೆ ಅದು ಬರುವುದುಂಟು. ಆದರೆ ದಂಡೆಯ ಮೇಲೆ ನಿಂತವನಿಗೆ ಅದು ಬಹುದೂರದ ಒಂದು ಕಂದು ಚುಕ್ಕೆ. ಇಂಥ ಚುಕ್ಕೆಗಾಗಿ ಕವಿಗಳು ಇಷ್ಟು ಪದ್ಯ ಬರೆದರೆ ಎಂದು ತರಗತಿಯಲ್ಲಿ ಯಾರಾದರೂ ಕೇಳಿಯಾರು.

ನನ್ನ ಭಾವಮೈದುನನಿಗೆ ಉದ್ಯೋಗ ಭುವನೇಶ್ವರದಲ್ಲಿ. ಕಳೆದ ಚಳಿಗಾಲದಲ್ಲಿ ಅವನು, "ಭಾವ, ನಿಮ್ಮ ಕಾವ್ಯದ ಹಕ್ಕಿ ಇಲ್ಲಿ ದೋಣಿಯ ಪಕ್ಕದಲ್ಲೇ ಈಜುತ್ತದೆ. ಅಕ್ಕನನ್ನು ಕರೆದುಕೊಂಡು ಬನ್ನಿ" ಎಂದು ಹೇಳಿಕಳುಹಿಸಿದ. ಜನವರಿಯಲ್ಲಿ ನಾವಿಬ್ಬರೂ ಹೊರಟೆವು.

ಒಡಿಶಾದ ಚಿಲಿಕಾ ಸರೋವರದ ಹೆಸರನ್ನು ಭೂಗೋಳದ ಪುಸ್ತಕದಲ್ಲಿ ಓದದವರಿಲ್ಲ. ಪುರಿ, ಖೋರ್ಧಾ, ಗಂಜಾಂ ಎಂಬ ಮೂರು ಜಿಲ್ಲೆಗಳ ನಡುವೆ ಸುಮಾರು 1,100 ಚದರ ಕಿಲೋಮೀಟರಿನಷ್ಟು ಹರಡಿಕೊಂಡಿರುವ ಈ ನೀರು ಕಡಲೂ ಅಲ್ಲ, ಕೆರೆಯೂ ಅಲ್ಲ. ಒಂದು ಕಡೆಯಿಂದ ಬಂಗಾಳಕೊಲ್ಲಿಯ ಉಪ್ಪುನೀರು ಅಳಿವೆಯ ಮೂಲಕ ಒಳನುಗ್ಗುತ್ತದೆ. ಇನ್ನೊಂದು ಕಡೆಯಿಂದ ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ಮೊದಲಾದ ನದಿಗಳು ಸಿಹಿನೀರನ್ನು ತಂದು ಸುರಿಯುತ್ತವೆ. ಈ ಎರಡು ನೀರುಗಳ ಕೂಡುವಳಿಯೇ ಚಿಲಿಕಾದ ಸಂಸಾರ. ಅಳಿವೆಯಲ್ಲಿ ಮರಳು ತುಂಬಿ ಕಡಲು ದೂರವಾದಾಗ ಉಪ್ಪು ಕಡಿಮೆಯಾಗಿ, ಕಳೆ ಹಬ್ಬಿ, ಮೀನು ತಗ್ಗಿ ಸಂಸಾರ ಕೆಟ್ಟಿತ್ತು. 1981ರಲ್ಲಿ ರಾಮ್ಸರ್ ಒಪ್ಪಂದದ ಮೇರೆಗೆ ಅಂತರರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶವೆಂದು ಹೆಸರಾದ ಜಾಗವನ್ನು 1993ರಲ್ಲಿ ಅಪಾಯಕ್ಕೆ ಸಿಲುಕಿದವುಗಳ ಪಟ್ಟಿಗೆ ಸೇರಿಸಬೇಕಾಯಿತು. 2000ದ ಸೆಪ್ಟೆಂಬರಿನಲ್ಲಿ ಮರಳದಿಬ್ಬವನ್ನು ಕಡಿದು ಕಡಲಿಗೆ ಹೊಸ ಬಾಯಿ ತೆರೆದ ಮೇಲೆ ಸರೋವರ ಚೇತರಿಸಿಕೊಂಡಿತು. 2002ರಲ್ಲಿ ಆ ಪಟ್ಟಿಯಿಂದ ಅದರ ಹೆಸರನ್ನು ತೆಗೆದರು. ಸರೋವರದ ನಡುವಿನ ನಲಬನ ದ್ವೀಪ 1987ರಿಂದ ಪಕ್ಷಿಧಾಮವಾಗಿದೆ. ಮಳೆಗಾಲದಲ್ಲಿ ಆ ದ್ವೀಪ ನೀರಿನಲ್ಲಿ ಮುಳುಗಿಹೋಗಿ, ಚಳಿಗಾಲಕ್ಕೆ ಸರಿಯಾಗಿ ಅತಿಥಿಗಳಿಗೆ ಮಣೆ ಹಾಕುವಂತೆ ಮೇಲೇಳುತ್ತದೆ. 2021ರ ಜನವರಿಯಲ್ಲಿ ಎಣಿಸಿದಾಗ ಇಡೀ ಚಿಲಿಕಾದಲ್ಲಿ 12 ಲಕ್ಷಕ್ಕೂ ಹೆಚ್ಚು ಹಕ್ಕಿಗಳಿದ್ದುವು.

ನಾವು ಹೋದದ್ದು ನಲಬನಕ್ಕಲ್ಲ. ಸರೋವರದ ಉತ್ತರದ ಅಂಚಿನಲ್ಲಿ, ಟಾಂಗಿ ಎಂಬ ಊರಿನ ಸಮೀಪವಿರುವ ಮಂಗಳಾಜೋಡಿ ಗ್ರಾಮಕ್ಕೆ. ಭುವನೇಶ್ವರದಿಂದ ಅಲ್ಲಿಗೆ ಮೋಟಾರಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಹಿಂದಿನ ದಿನ ಭಾವಮೈದುನ ನಮ್ಮನ್ನು ಧೌಲಿಗೆ ಕರೆದೊಯ್ದಿದ್ದ. ಅಶೋಕನ ಶಾಸನವಿರುವ ಬಂಡೆ ಅಲ್ಲಿದೆ. ಮಸ್ಕಿ, ಕೊಪ್ಪಳ, ಬ್ರಹ್ಮಗಿರಿಗಳ ಶಾಸನಗಳನ್ನು ಕಂಡಿರುವ ಕನ್ನಡಿಗನಿಗೆ ಧೌಲಿ ಪರಸ್ಥಳವೆನ್ನಿಸುವುದಿಲ್ಲ. ಕಳಿಂಗದವರಿಗೆಂದೇ ಧೌಲಿಯಲ್ಲಿ ಕೆತ್ತಿಸಿದ ಎರಡು ಪ್ರತ್ಯೇಕ ಶಾಸನಗಳು ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿರುವುದು ಇತಿಹಾಸದ ಒಂದು ಸೋಜಿಗ. ಧೌಲಿಯ ಬಂಡೆಯ ಮೊದಲನೆಯ ಶಾಸನ ಅರಮನೆಯ ಅಡಿಗೆಮನೆಯ ಲೆಕ್ಕ ಹೇಳುತ್ತದೆ: ಮೊದಲು ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿಗಳನ್ನು ಕೊಲ್ಲುತ್ತಿದ್ದರು, ಈಗ ಎರಡು ನವಿಲು ಒಂದು ಜಿಂಕೆ ಮಾತ್ರ, ಜಿಂಕೆಯೂ ದಿನವೂ ಇಲ್ಲ, ಮುಂದೆ ಈ ಮೂರನ್ನೂ ಕೊಲ್ಲುವುದಿಲ್ಲ. ಚಕ್ರವರ್ತಿಯಾದವನು ಇನ್ನೂ ಎರಡು ನವಿಲುಗಳ ಚಪಲ ಬಿಟ್ಟಿಲ್ಲವೆಂದು ಬಂಡೆಯ ಮೇಲೆ ಬರೆಸುವುದು ಸಾಮಾನ್ಯ ಪ್ರಾಮಾಣಿಕತೆಯಲ್ಲ. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಅವನು ಬೇರೆಡೆಗಳಲ್ಲಿ ನಿಲ್ಲಿಸಿದ ಕಂಬಗಳ ಮೇಲೆ ಕೊಲ್ಲಬಾರದ ಜೀವಿಗಳ ಪಟ್ಟಿಯೊಂದಿದೆ. ಗಿಳಿ, ಗೊರವಂಕಗಳ ಜೊತೆಗೆ ಚಕ್ರವಾಕವೂ ಹಂಸವೂ ಆ ಪಟ್ಟಿಯಲ್ಲಿವೆ.

ಧೌಲಿಯ ಬುಡದಲ್ಲಿ ಹರಿಯುವ ದಯಾ ನದಿಯೇ ಚಿಲಿಕಾಕ್ಕೆ ಹೋಗಿ ಸೇರುತ್ತದೆ. ಆ ನೀರನ್ನು ಹಿಂಬಾಲಿಸಿದವರಂತೆ ನಾವು ಮರುದಿನ ಮಧ್ಯಾಹ್ನದ ಮೇಲೆ ಮಂಗಳಾಜೋಡಿಯನ್ನು ತಲಪಿದೆವು.

ಊರಿನಾಚೆ ಒಂದು ಮಣ್ಣಿನ ಏರಿ. ಅದರ ತುದಿಯಲ್ಲಿ ದೋಣಿಗಳು. ನಾಡದೋಣಿಗಳೇ ಸರಿ, ತಳ ಚಪ್ಪಟೆ, ಬಣ್ಣ ಹಳತು, ಬಿಸಿಲಿಗೊಂದು ಚಿಕ್ಕ ಮರೆ. ರಂಗನತಿಟ್ಟಿನಲ್ಲಿ ಹುಟ್ಟುಹಾಕುವ ದೋಣಿಯಲ್ಲಿ ಕುಳಿತವರಿಗೆ ಕೂಡಲೇ ಒಂದು ವ್ಯತ್ಯಾಸ ತಿಳಿಯುತ್ತದೆ. ಇಲ್ಲಿ ನೀರು ಆಳವಿಲ್ಲದುದರಿಂದ ಹುಟ್ಟಿಗಿಂತ ಬಿದಿರುಗಳಕ್ಕೇ ಕೆಲಸ ಹೆಚ್ಚು. ದೋಣಿಯವನು ಹಿಂದೆ ನಿಂತು ಗಳವನ್ನು ಕೆಸರಿಗೆ ಊರಿ ನೂಕುತ್ತಾನೆ. ದೋಣಿ ಜೊಂಡಿನ ನಡುವಣ ಕಾಲುವೆಯಲ್ಲಿ ಸದ್ದಿಲ್ಲದೆ ಜಾರುತ್ತದೆ. ಯಂತ್ರವಿಲ್ಲ. ಸರೋವರದ ಇನ್ನೊಂದು ಭಾಗದಲ್ಲಿ ಡಾಲ್ಫಿನ್ನುಗಳನ್ನು ತೋರಿಸಲು ಯಂತ್ರದೋಣಿಗಳುಂಟು. ಅವುಗಳ ಗುಡುಗಿನಲ್ಲಿ ನೋಡುವವರಿಗೂ ನೆಮ್ಮದಿಯಿಲ್ಲ, ನೋಡಿಸಿಕೊಳ್ಳುವ ಪ್ರಾಣಿಗಂತೂ ಮೊದಲೇ ಇಲ್ಲ. ಬಿದಿರುಗಳದ ದೋಣಿಯಲ್ಲಿ ಕುಳಿತಮೇಲೆ ಯಂತ್ರದೋಣಿಯ ಪ್ರಯಾಣ ನನಗೆ ಪ್ರಯಾಣವೆಂದೇ ತೋರುವುದಿಲ್ಲ.

ನಮ್ಮ ದೋಣಿಯವನಿಗೆ ಐವತ್ತೈದರ ಮೇಲೆ ವಯಸ್ಸು. ಕೃಶವಾದ ಮೈ, ತಲೆಗೊಂದು ಗಮಛಾ. ಕೊರಳಿನಲ್ಲಿ ಹಳೆಯ ದುರ್ಬೀನು, ಕಾಲ ಬಳಿ ಮೂಲೆಗಳು ಮಡಚಿಹೋದ ಒಂದು ಪಕ್ಷಿಪುಸ್ತಕ. ದುರ್ಬೀನನ್ನು ಅವನು ಒಮ್ಮೆಯೂ ಕಣ್ಣಿಗೆ ಹಿಡಿಯಲಿಲ್ಲ, ಅದು ನಮಗಾಗಿ. ಹಿಂದಿಯಲ್ಲಿ ನಾಲ್ಕು ಮಾತು ಬಲ್ಲ. ಉಳಿದುದನ್ನು ಒಡಿಯಾದಿಂದ ಭಾವಮೈದುನ ಹೇಳಿದ. ಹತ್ತು ನಿಮಿಷ ಕಳೆಯುವುದರೊಳಗೆ ಈತನು ಕಲಿತು ಬಂದ ಮಾರ್ಗದರ್ಶಿಯಲ್ಲವೆಂದು ನನಗೆ ತಿಳಿಯಿತು. ಜೊಂಡಿನೊಳಗೆ ಏನೋ ಅಲುಗಿತು. ನಮಗೆ ಹುಲ್ಲಷ್ಟೇ ಕಂಡಿತು. ಅವನು ಗಳವನ್ನು ಎತ್ತಿ ಹಿಡಿದು, ದೋಣಿ ತಾನಾಗಿ ನಿಲ್ಲುವವರೆಗೆ ಕಾದು, ಗಲ್ಲವನ್ನು ಮಾತ್ರ ಆ ಕಡೆಗೆ ತಿರುಗಿಸಿದ. ಎರಡು ಮೊಳದಾಚೆ, ಕೆಸರಿನ ಬಣ್ಣದಲ್ಲೇ ಕರಗಿದಂತಿದ್ದ ಅಂಗೈಯಗಲದ ನೀರುಕೋಳಿಯೊಂದು ನಮ್ಮನ್ನು ನೋಡುತ್ತ ನಿಂತಿತ್ತು. ನೆತ್ತಿಯ ಮೇಲೆ ಗುಂಪೊಂದು ಹಾದುಹೋದಾಗ ಅವನು ತಲೆಯೆತ್ತದೆ, "ಸೂಜಿಬಾಲದ್ದು" ಎಂದ. ನಾವು ಎತ್ತಿ ನೋಡಿದೆವು; ಸೂಜಿಬಾಲದ ಬಾತುಗಳೇ. ರೆಕ್ಕೆಯ ಸದ್ದಿನಿಂದ ಹಕ್ಕಿಯ ಜಾತಿ ಹೇಳುವ ವಿದ್ಯೆಯನ್ನು ಯಾವ ಪುಸ್ತಕ ಕಲಿಸುತ್ತದೆ?

ಆ ವಿದ್ಯೆಯನ್ನು ಅವನು ಕಲಿತದ್ದು ಕೊಲ್ಲುವುದಕ್ಕಾಗಿ. ಅದನ್ನು ಅವನೇ, ಮರೆಮಾಚದೆ, ಸಂಕೋಚವನ್ನೂ ಪಡದೆ ಹೇಳಿದ. ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆಯ ಜೊತೆಗೆ ರಾತ್ರಿ ದೋಣಿಯೇರಿದವನು. ಬಲೆ, ವಿಷ ಬೆರೆಸಿ ಚೆಲ್ಲಿದ ಆಹಾರ, ಬೇಸಗೆಯಲ್ಲಿ ಜೊಂಡಿನ ಗೂಡುಗಳಿಂದ ಮೊಟ್ಟೆ. ಮಂಗಳಾಜೋಡಿ ಆ ಕಾಲದಲ್ಲಿ ಕಳ್ಳಬೇಟೆಗಾರರ ಊರೆಂದೇ ಪ್ರಸಿದ್ಧವಾಗಿತ್ತು. ಬೆಳಗಾಗುವುದರೊಳಗೆ ಗೋಣಿಗಳು ಊರು ದಾಟುತ್ತಿದ್ದುವು. ವಿಷ ತಿಂದ ಹಕ್ಕಿಯನ್ನು ಹಣ ಕೊಟ್ಟು ಕೊಂಡು ತಿಂದವರು ಪಟ್ಟಣದವರು. ಆ ಮಾತನ್ನೂ ಇಲ್ಲಿ ಸೇರಿಸಿ ಹೇಳಬೇಕು.

ಕಾನೂನು ಇರಲಿಲ್ಲವೆಂದಲ್ಲ. ವನ್ಯಜೀವಿಗಳ ಸಂರಕ್ಷಣೆಯ ಕಾಯಿದೆ 1972ರಿಂದಲೂ ಇತ್ತು. ಪಕ್ಷಿಧಾಮವೂ ಕಣ್ಣಳತೆಯಲ್ಲೇ ಇತ್ತು. ಅಶೋಕನ ಅಪ್ಪಣೆಯಂತೂ ಇಪ್ಪತ್ತೆರಡು ಶತಮಾನಗಳಷ್ಟು ಹಳೆಯದು. ಆದರೂ ಹಕ್ಕಿಗಳು ಸಾಯುತ್ತಲೇ ಇದ್ದುವು. ಈ ಜೌಗಿಗೆ ಬರುವ ಹಕ್ಕಿಗಳ ಸಂಖ್ಯೆ ಕೆಲವೇ ಸಾವಿರಕ್ಕೆ ಇಳಿದಿತ್ತೆಂದು ಹೇಳುತ್ತಾರೆ. ಬದಲಾವಣೆ ಬಂದದ್ದು 2000ದ ಸುಮಾರಿಗೆ. ವೈಲ್ಡ್ ಒರಿಸ್ಸಾ ಎಂಬ ಸಂಸ್ಥೆಯವರು ಊರಿಗೆ ಬಂದು, ಬೇಟೆಗಾರರೊಡನೆಯೇ ಕುಳಿತು ಮಾತನಾಡಿ, ಅವರಲ್ಲೇ ಕೆಲವರನ್ನು ಒಲಿಸಿಕೊಂಡರು. ಹಾಗೆ ಒಲಿದವರು ಕಟ್ಟಿದ್ದು ಶ್ರೀ ಶ್ರೀ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ. ಬಲೆ ಹಿಡಿದ ಕೈಗಳು ರಾತ್ರಿ ಕಾವಲಿಗೆ ಹೊರಟುವು. ನೋಡಲು ಬಂದವರನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗುವ ಕಸುಬು ಅದರ ಬೆನ್ನಿಗೆ ಬೆಳೆಯಿತು. ಈಗ ಇದೇ ಜೌಗಿನಲ್ಲಿ ಚಳಿಗಾಲದ ಹಕ್ಕಿಗಳನ್ನು ಲಕ್ಷದ ಲೆಕ್ಕದಲ್ಲಿ ಎಣಿಸುತ್ತಾರೆ.

"ಏಕೆ ಬಿಟ್ಟೆ? ಸೆರೆಮನೆಯ ಭಯವೆ?" ಎಂದು ಕೇಳಿದೆ.

"ಭಯವಿತ್ತು, ಬಾಬು. ಭಯದಿಂದ ಯಾರು ಕಸುಬು ಬಿಡುತ್ತಾರೆ? ಹಕ್ಕಿ ಕಡಿಮೆಯಾಗುತ್ತ ಬಂತು. ಮಡಕೆಯಲ್ಲಿ ಅಕ್ಕಿ ತೀರುತ್ತ ಬಂದುದು ಮನೆಯವಳಿಗೆ ಮೊದಲು ಗೊತ್ತಾಗುವುದಿಲ್ಲವೆ? ಹಾಗೆ ನಮಗೆ ಗೊತ್ತಾಯಿತು."

ಈ ಮಾತು ನನ್ನಾಕೆಗೆ ಬಹಳ ಹಿಡಿಸಿತು. ಅವಳು ತಮ್ಮನಿಂದ ಅದನ್ನು ಎರಡು ಸಲ ಹೇಳಿಸಿಕೊಂಡಳು.

ಜೌಗು ತೆರೆದುಕೊಂಡ ಜಾಗಕ್ಕೆ ಬಂದಾಗ ನಾವು ಮೂವರೂ ಮಾತು ಬಿಟ್ಟೆವು. ಕರಿಬಾಲದ ಗಾಡ್‌ವಿಟ್ ಎಂಬ ನೀಳಕೊಕ್ಕಿನ ಹಕ್ಕಿಗಳು ಸಾವಿರಗಟ್ಟಲೆ, ಹೊಲಿಗೆಯಂತ್ರದ ಸೂಜಿಯಂತೆ ಕೊಕ್ಕನ್ನು ಕೆಸರಿನಲ್ಲಿ ಆಡಿಸುತ್ತಿದ್ದುವು. ಮೆಟ್ಟುಗಾಲು ಹಕ್ಕಿಗಳು ಕೆಂಪು ಕಾಲುಗಳನ್ನು ಎಣಿಸಿ ಇಡುವಂತೆ ನಡೆಯುತ್ತಿದ್ದುವು. ನೀಲಿ ಜೌಗುಕೋಳಿಗಳಿಗೆ ನಮ್ಮ ಪರಿವೆಯೇ ಇಲ್ಲ; ಒಂದಂತೂ ಜೊಂಡಿನ ದಂಟನ್ನು ಕಾಲಿನಲ್ಲಿ ಹಿಡಿದು ಕಬ್ಬಿನಂತೆ ಸಿಗಿದು ತಿನ್ನುತ್ತಿತ್ತು. ಭಾವಮೈದುನನು ಚಕ್ಕುಲಿಯ ಪೊಟ್ಟಣಕ್ಕೆ ಕೈಹಾಕಿದ ಸದ್ದಿಗೆ ಎದ್ದುಹೋದ ಮಿಂಚುಳ್ಳಿಯೊಂದನ್ನು ಬಿಟ್ಟರೆ ಯಾವ ಹಕ್ಕಿಯೂ ನಮ್ಮನ್ನು ಕಂಡು ಹೆದರಲಿಲ್ಲ. ಚಕ್ಕುಲಿ ಮತ್ತೆ ಹೊರಬರಲಿಲ್ಲ.

ಅಲ್ಲಿಯೇ, ನಡುಗಡ್ಡೆಯಂಥ ಒಂದು ಹುಲ್ಲಿನ ದಿಬ್ಬದ ಮೇಲೆ, ಎಂಟು ಜಕ್ಕವಕ್ಕಿಗಳು ಕುಳಿತಿದ್ದುವು. ದೋಣಿಯವನು "ಚಕ್ವಾ" ಎಂದ. ಹಂಸಕ್ಕಿಂತ ಕಿರಿದು, ಮನೆಯ ಬಾತಿಗಿಂತ ದೊಡ್ಡದು. ಮೈಯೆಲ್ಲ ಹಣ್ಣು ಕಿತ್ತಳೆಯ ಬಣ್ಣ. ತಲೆಯ ಕಡೆಗೆ ಆ ಬಣ್ಣ ತಿಳಿಯಾಗುತ್ತ ಹೋಗಿ ಕೆನೆಯಂತಾಗುತ್ತದೆ. ಎದ್ದು ಹಾರಿದಾಗ ರೆಕ್ಕೆಯ ಬಿಳುಪು ಥಟ್ಟನೆ ಬಿಚ್ಚಿಕೊಳ್ಳುತ್ತದೆ. ಟಿಬೆಟ್, ಲಡಾಖ್ ಮತ್ತು ಅವುಗಳಿಂದಾಚೆಯ ಎತ್ತರದ ನಾಡುಗಳಲ್ಲಿ ಮರಿಮಾಡಿ, ಚಳಿಗೆ ಇಲ್ಲಿಗಿಳಿದು ಬರುತ್ತವೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತುಗಳೂ ಆ ಕಡೆಯವೇ. ಅವು ಹಿಮಾಲಯ ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಮಳೆಗಾಲ ಬಂದರೆ ಹಂಸಗಳು ಮಾನಸ ಸರೋವರಕ್ಕೆ ಹೋಗುತ್ತವೆಂದು ಮೇಘದೂತದ ಕಾಲದಿಂದಲೂ ಕವಿಗಳು ಹೇಳುತ್ತ ಬಂದಿದ್ದಾರೆ. ತಿಂಗಳ ಲೆಕ್ಕದಲ್ಲಿ ಸ್ವಲ್ಪ ಹೆಚ್ಚುಕಡಮೆ ಇದ್ದೀತು, ದಿಕ್ಕಿನಲ್ಲಿ ಅವರು ತಪ್ಪಿಲ್ಲ.

ಹಾಗಾದರೆ ಜಕ್ಕವಕ್ಕಿಯ ವಿರಹ? ಹೊತ್ತು ಮುಳುಗುವವರೆಗೆ ನಾವು ಅಲ್ಲಿಯೇ ಕಾದೆವು. ಜೋಡಿಗಳು ಅಗಲಲಿಲ್ಲ. ಒಂದರ ಪಕ್ಕದಲ್ಲಿ ಒಂದು ಕುಳಿತು ಗರಿ ಹೆಣೆದುಕೊಂಡುವು. ಕೆಂಪು ಇಳಿದು ನೀರು ಬೂದಿಯ ಬಣ್ಣಕ್ಕೆ ತಿರುಗಿದಾಗ ಮಾತ್ರ ಒಂದೆರಡಾಗಿ ಎದ್ದು ಮೇವಿಗೆ ಹೊರಟುವು. ಹಗಲು ವಿಶ್ರಾಂತಿ, ಇರುಳು ಮೇವು ಎಂಬುದು ಚಳಿಗಾಲದಲ್ಲಿ ಬಾತುಗಳ ಪದ್ಧತಿ. ಆಗ ಕೇಳಿಸಿತು ಕೂಗು. ಮೂಗಿನಲ್ಲಿ ಹೊರಡುವ, ಕೊಂಬಿನ ದನಿಯಂಥ, ಬಹುದೂರ ಸಾಗುವ ಕೂಗು. ಎಡಗಡೆಯ ಕತ್ತಲಿನಿಂದ ಒಂದು ಕರೆಯಿತು. ಬಲಗಡೆಯಿಂದ ಇನ್ನೊಂದು ಉತ್ತರ ಕೊಟ್ಟಿತು. ಕಣ್ಣಿಗೆ ಏನೂ ಕಾಣದು. ನಡುವೆ ನೀರು ಮಾತ್ರ. ಕವಿಗಳು ಕಲ್ಪಿಸಲಿಲ್ಲ, ದಡದಲ್ಲಿ ಕುಳಿತು ಕೇಳಿದರು. ಮುಂದಿನ ಪಾಠದಲ್ಲಿ ನಾನು ಇದನ್ನು ಹೇಳಬಹುದೆಂದು ಸಂತೋಷವಾಯಿತು.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಪಾಠದ ಮಾತನ್ನು ಭಾವಮೈದುನ ದೋಣಿಯವನಿಗೆ ತಿಳಿಸಿದ್ದ. ಅವನು ಕೆಲವು ನಿಮಿಷ ಗಳ ನೂಕಿ, ಬಳಿಕ ಹೇಳಿದ: "ಆ ಕೂಗೇ ನಮಗೆ ಗುರುತಾಗಿತ್ತು. ಬಲೆಗೆ ಒಂದು ಸಿಕ್ಕಿದರೆ ಇನ್ನೊಂದಕ್ಕೆ ಬಲೆ ಹಾಕಬೇಕಾಗಿರಲಿಲ್ಲ. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು."

ನನಗೆ ಏನು ನೆನಪಾಯಿತೆಂದು ಓದುಗರಿಗೆ ಹೇಳಬೇಕಾಗಿಲ್ಲ. ಕ್ರೌಂಚದ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆ ಕಥೆಯಲ್ಲಿ ಬೇಡನೊಬ್ಬ, ಕವಿಯೊಬ್ಬ. ಇಲ್ಲಿ ದೋಣಿಯ ಹಿಂಭಾಗದಲ್ಲಿ ನಿಂತವನು ಇಬ್ಬರಲ್ಲಿ ಯಾರೆಂದು ಹೇಳುವುದು ನನ್ನಿಂದಾಗಲಿಲ್ಲ.

ರಾತ್ರಿ ಊರಿನಲ್ಲಿಯೇ ತಂಗಿ, ಮರುದಿನ ನಸುಕಿನಲ್ಲಿ ಅವನ ದೋಣಿಯಲ್ಲಿಯೇ ಮತ್ತೆ ಹೊರಟೆವು. ಮಂಜು ದಟ್ಟವಾಗಿತ್ತು. ಅವನು ಹಕ್ಕಿಗಳ ಕೂಗನ್ನು ಅನುಕರಿಸಬಲ್ಲನೆಂದು ಊರಿನವರು ಯಾರೋ ಹೇಳಿದ್ದರು. ನನ್ನಾಕೆ, "ಒಂದು ಸಲ ಕರೆದು ತೋರಿಸಪ್ಪ" ಎಂದು ಬೇಡಿದಳು. ಅವನು ನಕ್ಕು ತಲೆಯಾಡಿಸಿದ.

"ಕರೆದರೆ ಬರುತ್ತವೆ, ಮಾ. ಬಂದು ನೋಡಿ, ಯಾರೂ ಇಲ್ಲವೆಂದು ಹಿಂದಿರುಗುತ್ತವೆ. ಮೈಯಲ್ಲಿ ಕೊಬ್ಬು ಕೂಡಿಸಿಕೊಂಡು ಅಷ್ಟು ದೂರ ಹೋಗಬೇಕಾದವು. ಅವುಗಳನ್ನು ಸುಮ್ಮನೆ ಏಕೆ ಓಡಾಡಿಸಲಿ?" ಚಿತ್ರ ತೆಗೆಯಲು ಬಂದವರು ಇದಕ್ಕಾಗಿ ಹೆಚ್ಚು ಹಣ ಕೊಡುವೆವೆಂದದ್ದೂ ಉಂಟಂತೆ. ಅವರಲ್ಲಿ ಕೆಲವರು ಸಿಟ್ಟಾಗಿ ಹೋದರಂತೆ.

ಹಣದ ಮಾತು ಬಂದುದರಿಂದ ಅದನ್ನೂ ಹೇಳಿಬಿಡುತ್ತೇನೆ. ಹಕ್ಕಿಗಳು ಇಲ್ಲಿರುವುದು ಹೆಚ್ಚಾಗಿ ನವೆಂಬರಿನಿಂದ ಮಾರ್ಚಿಯವರೆಗೆ. ಉಳಿದ ತಿಂಗಳುಗಳಲ್ಲಿ ಮೀನು, ಕೂಲಿ, ಇದ್ದವರಿಗೆ ತುಂಡು ಹೊಲ. ನಾವು ಎರಡು ಹೊತ್ತಿಗೆ ಕೊಟ್ಟ ದೋಣಿಯ ಬಾಡಿಗೆ ನಗರದ ಹೋಟಲಿನಲ್ಲಿ ಮೂವರ ಊಟಕ್ಕೆ ಸರಿಹೋಗುವಷ್ಟು. ಒಂದು ಸಂಸಾರದ ವರ್ಷದ ಅನ್ನ ಇಂಥ ಬಾಡಿಗೆಗಳ ಮೇಲೆ ನಿಂತಿದೆ. ಲಕ್ಷ ಹಕ್ಕಿಗಳ ಪ್ರಾಣ ಆ ಅನ್ನದ ಮೇಲೆ ನಿಂತಿದೆ. 2019ರ ಮೇ ತಿಂಗಳಲ್ಲಿ ಫನಿ ಚಂಡಮಾರುತ ಈ ಕರಾವಳಿಯನ್ನು ಬಡಿಯಿತು. ಅದರ ಮರುವರ್ಷವೇ ಮಹಾಮಾರಿ ಬಂದು ದೇಶದ ಬಾಗಿಲುಗಳೆಲ್ಲ ಮುಚ್ಚಿದುವು. ಆ ವರ್ಷದ ಚಳಿಗಾಲದಲ್ಲಿ ಹಕ್ಕಿಗಳು ಎಂದಿನಂತೆ ಬಂದುವು. ನೋಡುವವರು ಬರಲಿಲ್ಲ, ಬಂದರೂ ಬೆರಳೆಣಿಕೆ.

"ಆಗ ಯಾರಿಗಾದರೂ ಹಳೆಯ ಕಸುಬಿನ ನೆನಪಾಯಿತೆ?" ಎಂದು ಕೇಳಿದೆ. ಕೇಳಬಾರದ ಪ್ರಶ್ನೆಯೆಂದು ಭಾವಮೈದುನ ಕಣ್ಣಿನಲ್ಲೇ ಹೇಳಿದರೂ ಅದನ್ನು ಅವನಿಗೆ ತಲಪಿಸಿದ.

ದೋಣಿಯವನು ಸಿಟ್ಟಾಗಲಿಲ್ಲ. "ನೆನಪು ಹೇಗೆ ಹೋಗುತ್ತದೆ, ಬಾಬು? ಕೈಯಲ್ಲೇ ಇದೆ" ಎಂದು ಗಳ ಹಿಡಿದ ಕೈಯನ್ನು ತೋರಿಸಿದ. "ರಾತ್ರಿ ಕಾವಲಿಗೆ ಹೋಗುತ್ತಿದ್ದೆವು. ಹೊರಗಿನವರಿಗಾಗಿ ಅಂತ ಹೇಳುತ್ತಿದ್ದೆವು. ಮನೆಯಲ್ಲಿ ಕುಳಿತಿರುವುದಕ್ಕಿಂತ ಅದು ಒಳ್ಳೆಯದಾಗಿತ್ತು."

ಪಟ್ಟಣದವರಾದ ನಮ್ಮಲ್ಲಿ ಪಕ್ಷಿಪ್ರೇಮಕ್ಕೆ ಕೊರತೆಯಿಲ್ಲ. ನಮ್ಮ ಪ್ರೇಮ ರಜೆಯ ದಿನಗಳದು. ತಪ್ಪಿದರೆ ಮುಂದಿನ ವರ್ಷ ನೋಡಿಯೇವು. ಇವನದು ಹಾಗಲ್ಲ. ಆದುದರಿಂದ ಇಲ್ಲಿಗೆ ಹೋಗುವವರಿಗೆ ಒಂದೆರಡು ಮಾತು ಹೇಳುವ ಸಲಿಗೆ ವಹಿಸುತ್ತೇನೆ. ಚಳಿಗಾಲದಲ್ಲಿಯೇ ಹೋಗಿ, ಒಂದು ಸಂಜೆ, ಒಂದು ಬೆಳಗು ಎರಡನ್ನೂ ದೋಣಿಯಲ್ಲಿ ಕಳೆಯಿರಿ. ಊರಿನ ದೋಣಿಯವರನ್ನೇ ಕೇಳಿ ಹಿಡಿಯಿರಿ, ಬಾಡಿಗೆಯಲ್ಲಿ ಚೌಕಾಸಿ ಬೇಡ. ಕಣ್ಣು ಕೋರೈಸುವ ಬಣ್ಣದ ಸೀರೆ ಅಂಗಿಗಳನ್ನು ಪುರಿಯ ದೇವಸ್ಥಾನಕ್ಕೆ ಇಟ್ಟುಕೊಳ್ಳಿ. ಇನ್ನೂ ಹತ್ತಿರ ಹೋಗೋಣವೆಂದು ದೋಣಿಯವನನ್ನು ಕಾಡಬೇಡಿ. ಎಷ್ಟು ಹತ್ತಿರವೆಂಬುದು ಅವನಷ್ಟು ಇನ್ನಾರಿಗೂ ತಿಳಿಯದು.

ಬಿಸಿಲೇರುವ ಹೊತ್ತಿಗೆ ನಾವು ಏರಿಯ ಬಳಿಗೆ ಹಿಂದಿರುಗಿದೆವು. ಅಲ್ಲಿ ಇಪ್ಪತ್ತರ ಹರೆಯದ ಹುಡುಗನೊಬ್ಬ ಕಲ್ಕತ್ತೆಯ ಕಡೆಯ ದಂಪತಿಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದ. ನಮ್ಮ ದೋಣಿಯವನ ಮಗ. ಸೂರತ್ತಿನ ಗಿರಣಿಗೆ ಹೋಗಿ ಎರಡು ವರ್ಷ ಇದ್ದು, ಈ ಚಳಿಗಾಲಕ್ಕೆ ಮರಳಿ ಬಂದಿದ್ದಾನೆ. ನಿಲ್ಲುವನೋ ಮತ್ತೆ ಹೋಗುವನೋ ತಂದೆಗೂ ಗೊತ್ತಿಲ್ಲ. ತಂದೆ ನಮ್ಮನ್ನು ಇಳಿಸಿ, ಹಣವನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗನ ಕಡೆಗೆ ತಿರುಗಿ ಒಡಿಯಾದಲ್ಲಿ ಏನನ್ನೋ ಕೂಗಿ ಹೇಳಿದ. ಹುಡುಗ ಗಳವನ್ನು ನೀರಿನಿಂದೆತ್ತಿ ಒಂದು ಕ್ಷಣ ತಡೆದು, ದೋಣಿಯ ಮೂತಿಯನ್ನು ಇನ್ನೊಂದು ಕಾಲುವೆಗೆ ತಿರುಗಿಸಿದ.

ಏನೆಂದನೆಂದು ನಾನು ಭಾವಮೈದುನನನ್ನು ಕೇಳಿದೆ.

"ಆ ಕಡೆಗೆ ಬಾತುಗಳು ಈಗ ತಾನೆ ಮಲಗಿವೆ, ಈ ಕಡೆಯಿಂದ ಹೋಗು ಅಂದ, ಭಾವ."